ಲೈಟ್ ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ! ಏಕೆ?



ನಮ್ಮ ಮನೆಯ ಟ್ರ್ಯಾಕ್ಟರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಈ ವರ್ಷ ಮೊದಲ ಮಳೆ ಬಿದ್ದ ಮಾರನೇ ದಿನ ಅಪ್ಪ ಕೀ ತಿರುಗಿಸಿದರೆ ಸೆಲ್ಫ್ "ಗುರ್... ಗುರ್... ಟಿಕ್" ಅಂದು ನಿಂತುಬಿಟ್ಟಿತು. ನೋಡಿದವರೆಲ್ಲ "ಬ್ಯಾಟ್ರಿ ಹೋಗೈತೆ" ಅಂದರು. ಅಂದಿನಿಂದ ಟ್ರ್ಯಾಕ್ಟರನ್ನು ಮನೆ ಮುಂದಿನ ದಿಬ್ಬದ ಮೇಲೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಸ್ಟಾರ್ಟ್ ಮಾಡುವುದು ರೂಢಿಯಾಯಿತು.

ಒಂದು ದಿನ ಕಲ್ಲು ಜಾರಿತು. ಟ್ರ್ಯಾಕ್ಟರ್ ತಾನೇ ಉರುಳಿ ಬಂದು ದನ ನೀರು ಕುಡಿಯುವ ಬಾನಿಗೆ ಗುದ್ದಿ ನಿಂತಿತು. ಸ್ವಲ್ಪ ಹೊತ್ತಿನ ಮುಂಚೆ ನನ್ನ ತಮ್ಮ ಅದೇ ಬಾನಿ ಹತ್ತಿರ ಆಡುತ್ತಿದ್ದ. ಅವ್ವ ಅಂದು ಊಟ ಮಾಡಲಿಲ್ಲ. "ಬೀಜಕ್ಕೆ ಇಟ್ಟಿರೋ ದುಡ್ಡು ತಗೊಂಡು ಹೋಗಿ ಹೊಸ ಬ್ಯಾಟ್ರಿ ತನ್ರಿ" ಅಂದಳು. ಆ ದುಡ್ಡು ಹೋದರೆ ಮೆಕ್ಕೆಜೋಳದ ಬೀಜಕ್ಕೆ ಸಾಲ ಮಾಡಬೇಕಿತ್ತು.

ಅಷ್ಟರಲ್ಲಿ ಪಕ್ಕದ ಹೊಲಕ್ಕೆ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಮಾಮ ನಮ್ಮ ಮನೆಗೂ ಬಂದರು. "ತಡೀರಣ್ಣ, ದುಡ್ಡು ಕೊಡೋಕೆ ಮುಂಚೆ ಒಂದ್ಸಲ ನೋಡಾನ" ಅಂದರು. ಅವರು ಮಾಡಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಸೆಲ್ಫ್ ಎಂದರೇನು?

ಸೆಲ್ಫ್ ಎಂದರೆ ಇಂಜಿನನ್ನು ಮೊದಲ ಸಲ ತಿರುಗಿಸುವ ವಿದ್ಯುತ್ ಮೋಟಾರು. ಡೀಸೆಲ್ ಇಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಗಾಳಿ ಬಿಸಿಯಾಗಿ, ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸೆಲ್ಫ್ ನಿಧಾನವಾಗಿ ತಿರುಗಿದರೆ ಸಾಲದು, ಜೋರಾಗಿ ತಿರುಗಬೇಕು.

ಹಿಂದಿನ ಕಾಲದಲ್ಲಿ ಕಾರುಗಳನ್ನು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಎಷ್ಟೋ ಜನರ ಕೈ ಮುರಿದಿವೆ. 1911ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವರು ಕಾರಿಗೆ ವಿದ್ಯುತ್ ಸೆಲ್ಫ್ ತಯಾರಿಸಿದರು. 1912ರ ಕ್ಯಾಡಿಲಾಕ್ ಕಾರುಗಳಿಗೆ ಅದನ್ನು ಜೋಡಿಸಲಾಯಿತು.

ನನಗೆ ಬಂದ ಅನುಮಾನ

ನಾನು ಮಾಮನನ್ನು ಕೇಳಿದೆ: "ಮಾಮ, ಹೆಡ್‌ಲೈಟ್ ಚೆನ್ನಾಗಿ ಉರೀತೈತೆ, ಹಾರ್ನ್ ಬಡೀತೈತೆ. ಸೆಲ್ಫ್ ಯಾಕೆ ತಿರುಗಲ್ಲ?"

ಮಾಮ ಹೇಳಿದರು: "ನೋಡವ್ವಾ, ನಿಮ್ಮ ಸ್ಕೂಲ್ ಗೇಟು ಅರ್ಧ ತೆಗೆದಿದ್ರೆ ಒಬ್ಬೊಬ್ಬರೇ ಆರಾಮಾಗಿ ಹೋಗಬಹುದು. ಗಂಟೆ ಹೊಡೆದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿದ್ರೆ?"

ವಿದ್ಯುತ್ತೂ ಹಾಗೆಯೇ. ಎರಡು ಹೆಡ್‌ಲೈಟಿಗೆ ಸುಮಾರು 8 ಆಂಪಿಯರ್ ವಿದ್ಯುತ್ ಸಾಕು. ಟ್ರ್ಯಾಕ್ಟರ್ ಸೆಲ್ಫಿಗೆ 200 ಆಂಪಿಯರಿಗೂ ಹೆಚ್ಚು ಬೇಕಾಗಬಹುದು. ದಾರಿಯಲ್ಲಿ ಒಂದು ಜಾಯಿಂಟ್ ತುಕ್ಕು ಹಿಡಿದಿದ್ದರೆ ಲೈಟಿಗೆ ಬೇಕಾದಷ್ಟು ದಾಟುತ್ತದೆ, ಸೆಲ್ಫಿಗೆ ಬೇಕಾದಷ್ಟು ದಾಟುವುದಿಲ್ಲ.

ಲೆಕ್ಕ ಮಾಡಿ ನೋಡೋಣ

ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು: ವೋಲ್ಟ್ = ಆಂಪಿಯರ್ × ರೋಧ. ರೋಧ ಎಂದರೆ ವಿದ್ಯುತ್ತಿಗೆ ಆಗುವ ಅಡ್ಡಿ. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ತುಕ್ಕು ಹಿಡಿದ ಜಾಯಿಂಟಿನ ರೋಧ ಬರೀ 0.05 ಓಮ್ ಎಂದಿಟ್ಟುಕೊಳ್ಳಿ.

ಲೈಟ್ ಹಾಕಿದಾಗ: 8 × 0.05 = 0.4 ವೋಲ್ಟ್ ನಷ್ಟ. ಇದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.
ಸೆಲ್ಫಿಗೆ 100 ಆಂಪಿಯರ್ ಹರಿದರೂ: 100 × 0.05 = 5 ವೋಲ್ಟ್ ನಷ್ಟ!

12 ವೋಲ್ಟಿನಲ್ಲಿ 5 ವೋಲ್ಟ್ ದಾರಿಯಲ್ಲೇ ಹೋದರೆ ಸೆಲ್ಫಿಗೆ ಉಳಿಯುವುದು 7 ಮಾತ್ರ. ಆದ್ದರಿಂದ ಲೈಟ್ ಉರಿದ ಮಾತ್ರಕ್ಕೆ ಎಲ್ಲಾ ಸರಿ ಇದೆ ಎಂದು ತಿಳಿಯಬಾರದು.

ಮಾಮ ಪರೀಕ್ಷೆ ಮಾಡಿದ ಕ್ರಮ

1. ಮೊದಲು ಗೇರ್ ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟರು. ನಮ್ಮನ್ನೆಲ್ಲ ದೂರ ನಿಲ್ಲಿಸಿದರು.

2. ಲೈಟ್ ಹಾಕಿ ಅಪ್ಪನಿಗೆ ಕೀ ತಿರುಗಿಸಲು ಹೇಳಿದರು. ಲೈಟ್ ಪೂರಾ ಮಂಕಾಯಿತು. ಅಪ್ಪ "ನೋಡಿದ್ಯಾ, ಬ್ಯಾಟ್ರೀನೇ" ಅಂದ. ಮಾಮ "ಬ್ಯಾಟ್ರಿ ಸೋತರೂ ಹಿಂಗೇ ಆಗ್ತೈತೆ, ಜಾಯಿಂಟ್ ಕೆಟ್ಟರೂ ಹಿಂಗೇ ಆಗ್ತೈತೆ" ಅಂದರು.

3. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೇ ಹಿಡಿದರು. ಸೆಲ್ಫ್ ಹೊಡೆಯುವಾಗಲೂ ಸುಮಾರು 12 ವೋಲ್ಟ್ ಇತ್ತು. ಬ್ಯಾಟರಿ ಸತ್ತಿದ್ದರೆ ಅದು ಬಹಳ ಕೆಳಗೆ ಇಳಿಯಬೇಕಿತ್ತು. ಹಾಗಾದರೆ ಬ್ಯಾಟರಿ ತಪ್ಪಿತಸ್ಥ ಅಲ್ಲ!

4. ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನಿನ ಬರಿಯ ಕಬ್ಬಿಣಕ್ಕೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದರು. ಇಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಆದರೆ 5 ವೋಲ್ಟ್ ತೋರಿಸಿತು. ಕಳ್ಳ ಸಿಕ್ಕಿಬಿದ್ದ.

ಮೈನಸ್ಸಿನಿಂದ ಟ್ರ್ಯಾಕ್ಟರ್ ಬಾಡಿಗೆ ಹೋಗುವ ದಪ್ಪ ವೈರಿಗೆ ಅರ್ಥ್ ವೈರ್ ಎನ್ನುತ್ತಾರೆ. ಅದರ ಬೋಲ್ಟು ಕೆಸರು, ತುಕ್ಕು ಮತ್ತು ಹಳೇ ಪೇಂಟಿನ ಕೆಳಗೆ ಕೂತಿತ್ತು. ಮಾಮ ಅದನ್ನು ಬಿಚ್ಚಿ, ಬೆಳ್ಳಗೆ ಹೊಳೆಯುವವರೆಗೆ ಉಜ್ಜುಕಾಗದದಿಂದ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲೆ ಗ್ರೀಸ್ ಹಚ್ಚಿದರು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ಅದಕ್ಕೆ ಅಡಿಗೆ ಸೋಡಾ ಕಲಸಿದ ನೀರು ಹಾಕಿದಾಗ ನೊರೆ ಬಂತು. ಬ್ಯಾಟರಿಯೊಳಗಿನದು ಸಲ್ಫ್ಯೂರಿಕ್ ಆಮ್ಲ, ಸೋಡಾ ಪ್ರತ್ಯಾಮ್ಲ. ನಮ್ಮ ಪಾಠದಲ್ಲಿ ಬಂದಿರುವ ತಟಸ್ಥೀಕರಣ ಇದೇ! ಆ ನೀರು ಬ್ಯಾಟರಿಯ ಒಳಗೆ ಮಾತ್ರ ಹೋಗಬಾರದು.

ಅಪ್ಪ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್! ಅವ್ವ ಅಡಿಗೆಮನೆಯಿಂದ ಓಡಿ ಬಂದಳು. ಬೀಜದ ದುಡ್ಡು ಉಳಿಯಿತು. ಭೂಮಿಯ ಹದ ಆರುವುದರೊಳಗೆ ಬಿತ್ತನೆಯೂ ಆಯಿತು. ಈಗ ಟ್ರ್ಯಾಕ್ಟರನ್ನು ದಿಬ್ಬದ ಮೇಲೆ ನಿಲ್ಲಿಸುವುದಿಲ್ಲ.

ಎಚ್ಚರಿಕೆ

• ಇವನ್ನು ದೊಡ್ಡವರೇ ಮಾಡಬೇಕು. ನಾವು ನೋಡಿ ಕಲಿಯಬೇಕು.
• ವೈರ್ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.
• ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.
• ಗಾಲಿ ಪಕ್ಕ ನಿಂತು ಸೆಲ್ಫಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡಬಾರದು. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಮೈಮೇಲೇ ಬರುತ್ತದೆ.
• ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಮೋಟಾರು ಕಾದು ಸುಡುತ್ತದೆ.

ಬ್ಯಾಟರಿಯೂ ಚೆನ್ನಾಗಿದ್ದು ಜಾಯಿಂಟುಗಳೂ ಸರಿ ಇದ್ದರೆ, ಆಗ ಸೆಲ್ಫ್ ಬಿಚ್ಚಿ ಒಳಗಿನ ಕಾರ್ಬನ್ ಮತ್ತು ಬುಷ್ ಸವೆದಿವೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಬೇಕು.

ನೀತಿ: "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ" ಎಂಬ ಗಾದೆ ಇದೆ. ಅರ್ಥ್ ವೈರಿನ ತಪ್ಪಿಗೆ ನಾವು ಬ್ಯಾಟರಿ ಬದಲಿಸಲು ಹೊರಟಿದ್ದೆವು. ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಯೋಚಿಸಿ ಉತ್ತರಿಸಿ

1. ಜಾಯಿಂಟಿನ ರೋಧ 0.02 ಓಮ್, ಹರಿಯುವ ವಿದ್ಯುತ್ 150 ಆಂಪಿಯರ್. ಎಷ್ಟು ವೋಲ್ಟ್ ನಷ್ಟ?
2. ಸೆಲ್ಫ್ ಹೊಡೆದಾಗ ಕೆಟ್ಟ ಜಾಯಿಂಟ್ ಬಿಸಿಯಾಗುತ್ತದೆ. ಏಕೆ?

ಉತ್ತರ ಮುಂದಿನ ಸಂಚಿಕೆಯಲ್ಲಿ. ಅಲ್ಲಿಯವರೆಗೆ ನಿಮ್ಮ ಮನೆಯ ಟ್ರ್ಯಾಕ್ಟರಿನ ಅರ್ಥ್ ವೈರ್ ಎಲ್ಲಿದೆ ಎಂದು ಅಪ್ಪನನ್ನು ಕೇಳಿ ತಿಳಿದುಕೊಳ್ಳಿ.

— 7ನೇ ತರಗತಿ ವಿದ್ಯಾರ್ಥಿನಿ