ಶೀಟಿನ ಮೇಲೆ ಮಳೆ, ಕೆಳಗೆ ಓದು

ಅಮ್ಮ, ತಾರಸಿ ಮೇಲೆ ಶೀಟಿನ ಕೋಣೆ, ಮಳೆ ಬಂತೆಂದರೆ ಮಗಳು ಪಿಯುಸಿ ಪುಸ್ತಕ ಮುಚ್ಚಿಡುವ ಪಾಡು, ಮಳೆ ಇಲ್ಲದಾಗ ಪಕ್ಕದ ಶೆಡ್‌ನ ಗ್ರೈಂಡರ್. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಇರುವ ಬಾಗಲಗುಂಟೆಯಲ್ಲಿ ಈ ಕಷ್ಟ ನಿಮ್ಮೊಬ್ಬರದಲ್ಲ.

ಥರ್ಮಾಕೋಲ್ ಅಂಟಿಸಲು ಹೊರಟಿದ್ದೀರಿ, ದಯವಿಟ್ಟು ಬೇಡ. ಅದು ಬಿಸಿಲಿನ ಕಾವು ತಡೆದೀತು, ಸದ್ದನ್ನಲ್ಲ. ಬೆಂಕಿಯೂ ಬೇಗ ಹೊತ್ತಿಕೊಳ್ಳುತ್ತದೆ. ಸದ್ದಿಗೆ ಅಡ್ಡ ನಿಲ್ಲುವುದು ತೂಕ. ಅರ್ಧ ಮಿ.ಮೀ. ಉಕ್ಕಿನ ಶೀಟು ಚದರ ಮೀಟರಿಗೆ ಸುಮಾರು 4 ಕೆ.ಜಿ. ಅಷ್ಟೇ. ಹನಿ ಬಿದ್ದರೆ ತಮಟೆಯಂತೆ ಅದುರುತ್ತದೆ.

ಮೊದಲು ಸೋರಿಕೆ ನಿಲ್ಲಿಸಿ. ಒಳಗೆ ಹಾಕಿಸುವ ರಾಕ್‌ವೂಲ್ (ಕಲ್ಲುನಾರಿನ ಹಾಸು) ನೆಂದರೆ ಕೆಲಸಕ್ಕೆ ಬಾರದು. ಆಮೇಲೆ ಶೀಟಿಗೆ ತಾಗುವಂತೆ 50 ಮಿ.ಮೀ. ರಾಕ್‌ವೂಲ್, ಅದರಡಿ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಎರಡು ಪದರ ಹಾಕಿಸಿ. ಬೋರ್ಡಿನ ಫ್ರೇಮು ಗೋಡೆಗಳ ಮೇಲೇ ನಿಲ್ಲಲಿ. ಶೀಟಿನ ಪೈಪಿಗೆ ತೂಗುಹಾಕಿದರೆ ಅದುರು ನೇರ ಕೆಳಗಿಳಿಯುತ್ತದೆ, ಹಾಕಿದ ದುಡ್ಡು ದಂಡ.

ಶೀಟಿನ ಅಲೆ ಗೋಡೆಗೆ ಕೂಡುವಲ್ಲಿ ಬೆರಳು ತೂರುವಷ್ಟು ಸಂದಿಯಿರುತ್ತದೆ, ನೋಡಿ. ಗ್ರೈಂಡರ್ ಸದ್ದು ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಫೋಮ್ ತುಂಬಿಸಿ, ಮೇಲೆ ಸಿಮೆಂಟ್ ಮೆತ್ತಿಸಿ. ಗಾಳಿಗೆ ಶೆಡ್ ಇಲ್ಲದ ಬದಿಯ ಕಿಟಕಿ ಸಾಕು.

ಗ್ರೈಂಡರ್ ಸದ್ದಿಗೆ ಕಾನೂನಿನ ತಡೆಯೂ ಇದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಇದು 2000ದ ಶಬ್ದಮಾಲಿನ್ಯ ನಿಯಮ. ಶೆಡ್‌ನವರ ಜೊತೆ ಮೊದಲು ಮಾತಾಡಿ. ಕೇಳದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ.