ಬೆಂಗಳೂರಿನ ಮನೆಗೂ ಮಳೆಯ ಲೆಕ್ಕವಿರಲಿ

ಬೆಳೆಗಾರರಾದ ನಾವು ಮಕ್ಕಳ ಓದಿಗೆಂದು ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಮನೆ ಕಟ್ಟಿಸುವಾಗ ಬಾಗಿಲು, ಕಿಟಕಿಗಳ ಬಗ್ಗೆ ಯೋಚಿಸುವಷ್ಟು ನೀರಿನ ಬಗ್ಗೆ ಯೋಚಿಸುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿ, ಜನ ಟ್ಯಾಂಕರಿಗಾಗಿ ಕಾಯಬೇಕಾಯಿತು.

ತೋಟದಲ್ಲಿ ಮಳೆಯನ್ನು ಅಂಗುಲದಲ್ಲಿ ಅಳೆಯುವ ನಮಗೆ ಈ ಲೆಕ್ಕ ಕಷ್ಟವಲ್ಲ. 1,000 ಚದರ ಅಡಿ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 38 ಅಂಗುಲ. ಐದರಲ್ಲೊಂದು ಪಾಲು ಪೋಲಾದರೂ ವರ್ಷಕ್ಕೆ 70,000 ಲೀಟರ್ ದಕ್ಕುತ್ತದೆ.

ಆದ್ದರಿಂದ ತಾರಸಿ ಹಾಕುವ ಮೊದಲೇ ಮೇಸ್ತ್ರಿಗೆ ಹೇಳಿಬಿಡಬೇಕು. ತಾರಸಿಯ ಇಳಿಜಾರು ಕೊಳವೆಯ ಕಡೆಗಿರಲಿ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಡಲು ಒಂದು ವಾಲ್ವ್ ಇರಲಿ. ಉಳಿದ ನೀರು ಮರಳು, ಜಲ್ಲಿಯ ಫಿಲ್ಟರ್ ಮೂಲಕ ಸಂಪಿಗೆ ಇಳಿಯಲಿ. ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ ಹೋಗಲಿ. ಇಂಗುಗುಂಡಿ ಮಾತ್ರ ಶೌಚದ ಗುಂಡಿಯಿಂದ ದೂರವಿರಬೇಕು.

30×40 ಅಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳಿಗೆ 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಹೇಗಿದ್ದರೂ ಮಾಡಲೇಬೇಕಾದ ಕೆಲಸ. ಗೋಡೆ ಎದ್ದ ಮೇಲೆ ಒಡೆದು ಕೊಳವೆ ಕೂರಿಸುವುದಕ್ಕಿಂತ, ನಕ್ಷೆಯಲ್ಲೇ ಜಾಗ ಗುರುತಿಸಿದರೆ ಖರ್ಚೂ ಕಡಿಮೆ, ಚಿಂತೆಯೂ ಕಡಿಮೆ.