ಮಳೆಯಲ್ಲಿ ನಂದುವ ಕಿಡಿ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಪಶ್ಚಿಮಘಟ್ಟದ ಮಗ್ಗುಲಲ್ಲಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಧಾರಾಕಾರವಾಗಿ ಮಳೆ ಸುರಿಯುತ್ತದೆ. ಅಡಿಕೆ ತೋಟಗಳ ನಡುವಣ ಏರುತಗ್ಗಿನ ಹಾದಿಗಳಲ್ಲಿ ಬಹುಕಾಲ ಜೀಪೇ ಜನರಿಗೆ ಆಧಾರವಾಗಿತ್ತು. ಪೆಟ್ರೋಲಿನಿಂದ ಓಡುವ ಹಳೆಯ ಜೀಪಿಗೆ ಈ ಮಳೆಗಾಲವೇ ಪರೀಕ್ಷೆಯ ಕಾಲ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡವಾದುದರಿಂದ ಅದಕ್ಕೆ ಈ ತೊಡಕಿಲ್ಲ.

ಆಟಿ ತಿಂಗಳ ಒಂದು ಮುಂಜಾನೆ ಮನೆಯಲ್ಲಿ ಯಾರಿಗೋ ಕಾಯಿಲೆ ಉಲ್ಬಣಿಸಿ, ಪುತ್ತೂರಿನ ಆಸ್ಪತ್ರೆಗೆ ಹೊರಡಬೇಕಾದ ಹೊತ್ತಿನಲ್ಲಿ ಜೀಪು ಚಾಲೂ ಆಗದಿದ್ದರೆ ಗಾಬರಿ ಸಹಜ. ಚಾಲಕನು ಮತ್ತೆ ಮತ್ತೆ ಸ್ಟಾರ್ಟರನ್ನು ಒತ್ತುತ್ತಾನೆ. ಬ್ಯಾಟರಿ ಬರಿದಾಗುತ್ತದೆ, ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆನೆಯುತ್ತವೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಬ್ಯಾಟರಿಯ ವಿದ್ಯುತ್ತು ಕೇವಲ 12 ವೋಲ್ಟಿನದು. ಬಹಳ ಹಳೆಯ ಜೀಪುಗಳಲ್ಲಿ 6. ಕಾಯಿಲ್ ಅದನ್ನು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ. ಅಲ್ಲಿಂದ ಅದು ದಪ್ಪ ತಂತಿಯ ಮೂಲಕ ಡಿಸ್ಟ್ರಿಬ್ಯೂಟರಿಗೆ ಬಂದು, ನಾಲ್ಕು ಪ್ಲಗ್ಗುಗಳಿಗೆ ಸರದಿಯಂತೆ ಹಂಚಿಹೋಗಿ, ಒಂದು ಮಿಲಿಮೀಟರಿಗೂ ಕಿರಿದಾದ ತೆರಪನ್ನು ಹಾರಿ ಕಿಡಿಯಾಗುತ್ತದೆ. ಇಷ್ಟು ಒತ್ತಡದ ವಿದ್ಯುತ್ತು ಸುಲಭದ ದಾರಿ ಸಿಕ್ಕರೆ ಬಿಡದು. ಶುದ್ಧ ನೀರು ಒಳ್ಳೆಯ ವಾಹಕವಲ್ಲ. ಆದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಕೂತ ಧೂಳು, ಮಸಿಗಳೊಡನೆ ಬೆರೆತ ತೇವವು ವಾಹಕವಾಗುತ್ತದೆ. ಆಗ ವಿದ್ಯುತ್ತು ಪ್ಲಗ್ಗನ್ನು ತಲುಪದೆ ಎಂಜಿನ್ನಿನ ಮೈಗೆ ಸೋರಿಹೋಗುತ್ತದೆ.

ಈ ಸೋರಿಕೆಯನ್ನು ಕಣ್ಣಾರೆ ಕಾಣಬಹುದು. ಕತ್ತಲಲ್ಲಿ ಬಾನೆಟ್ಟು ತೆರೆದು ಒಬ್ಬನು ಎಂಜಿನ್ ತಿರುಗಿಸಿದಾಗ, ಮುಟ್ಟದೆ ನಿಂತು ನೋಡುವ ಇನ್ನೊಬ್ಬನಿಗೆ ತಂತಿಗಳ ಮೇಲೆ ನೀಲಿ ಕಿಡಿಗಳು ಹರಿದಾಡುವುದು ತೋರುತ್ತದೆ. ಬಳಿಕ ಸ್ವಿಚ್ಚನ್ನು ಆರಿಸಿ, ಮುಚ್ಚಳವನ್ನು ಕಳಚಿ ಒಣಬಟ್ಟೆಯಿಂದ ಒಳಹೊರಗೆ ಒರೆಸಬೇಕು. ರೋಟರು, ತಂತಿಗಳ ಬುಡ, ಕಾಯಿಲಿನ ತಲೆ ಇವನ್ನೂ ಮರೆಯಬಾರದು. ತಂತಿಗಳನ್ನು ಒಮ್ಮೆಗೆ ಒಂದರಂತೆ ತೆಗೆಯುವುದು ಕ್ಷೇಮ. ಜೀಪಿನಲ್ಲಿ ಕಿಡಿಯ ಸರದಿ 1-3-4-2. ತಂತಿ ಅದಲುಬದಲಾದರೆ ಒಂದು ದೋಷ ಎರಡಾಗುತ್ತದೆ.

ಒರೆಸಿದೊಡನೆ ಎಂಜಿನ್ ಚಾಲೂ ಆದರೆ ತೇವವೇ ಕಾರಣವೆಂದು ತಿಳಿಯಬಹುದು. ಒಣಗಿದ ಮೇಲೂ ಕಿಡಿ ಬಾರದಿದ್ದರೆ ಪಾಯಿಂಟನ್ನೂ ಕಂಡೆನ್ಸರನ್ನೂ ಪರೀಕ್ಷಿಸಬೇಕು. ಆದರೆ ಎರಡು ದಿನಕ್ಕೊಮ್ಮೆ ಅದೇ ಕಥೆ ಮರುಕಳಿಸಿದರೆ ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ, ಅದು ಸೋರಿದ ಕಿಡಿಯು ಸುಟ್ಟು ಮಾಡಿಕೊಂಡ ಇಂಗಾಲದ ದಾರಿ. ತೇವ ಆರಿದರೂ ಆ ದಾರಿ ಉಳಿಯುತ್ತದೆ. ಬಟ್ಟೆಯಿಂದ ಎಷ್ಟು ಒರೆಸಿದರೂ ಫಲವಿಲ್ಲ, ಮುಚ್ಚಳವನ್ನೇ ಬದಲಿಸಬೇಕು. ಬಿರುಕುಬಿಟ್ಟ ತಂತಿಗಳಿಗೂ ಇದೇ ಮಾತು ಸಲ್ಲುತ್ತದೆ, ಮತ್ತು ಈ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳುವುದು ಲೇಸು.